ಸ್ವರ ಸಂದೇಹ: ಹಳೆ ಪ್ಲೇಟು, ಹೊಸ ಕಿವಿ

ಜತ್ತ, ಮೀರಜ, ಮಂಗಳವೇಢೆ, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ಓದುಗರ ಸಂಗೀತದ ಪ್ರಶ್ನೆಗಳಿಗೆ ಈ ತಿಂಗಳ ಉತ್ತರಗಳು. ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯೊಳಗಿನ ಅಭಿರುಚಿಯ ತಕರಾರಿಗೆ ಸಂಬಂಧಿಸಿದವು.

ನಮ್ಮ ತಂದೆಯವರಿಗೆ ಅಬ್ದುಲ್ ಕರೀಂಖಾನ ಸಾಹೇಬರು, ಸವಾಯಿ ಗಂಧರ್ವರು ಬಿಟ್ರ ಬ್ಯಾರೆ ಯಾರೂ ಸೇರಂಗಿಲ್ಲ. ನನಗ ಭೀಮಸೇನ ಜೋಶಿಯವರ ಮುಕ್ಕಾಲು ತಾಸಿನ ಖ್ಯಾಲ ಬೇಕು. ಹಳೆ ಪ್ಲೇಟು ಹಚ್ಚಿದ್ರ ಎಲ್ಲಾ ಗಡಿಬಿಡಿಲೆ ಮುಗಿಸಿದಂಗ ಕೇಳಸ್ತದ, ದನೀನೂ ಸಣ್ಣ. ‘ನಿನಗ ಸ್ವರ ತಿಳಿಯಂಗಿಲ್ಲ’ ಅಂತಾರ ಅಪ್ಪಾಜಿ. ಯಾರದು ಖರೆ?
— ಓದುಗರು, ಜತ್ತ

ನೀವಿಬ್ಬರೂ ಕೇಳುತ್ತಿರುವುದು ಒಂದೇ ಕಿರಾಣಾ ಘರಾಣೆಯ, ಅಂದರೆ ಒಂದೇ ಗಾಯನ ಪರಂಪರೆಯ, ಮೂರು ತಲೆಮಾರುಗಳನ್ನು. ಮೀರಜಿನಲ್ಲಿ ನೆಲೆಸಿದ ಖಾನಸಾಹೇಬರ (1872–1937) ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು (1886–1952). ಅವರ ಶಿಷ್ಯರು ಗದುಗಿನ ಭೀಮಸೇನರು (1922–2011). ಆದ್ದರಿಂದ ನಿಮ್ಮ ಮನೆಯ ವಾದದಲ್ಲಿ ಗಾಯನದ ಪಾಲು ಕಡಿಮೆ, ಪ್ಲೇಟಿನ ಪಾಲು ಹೆಚ್ಚು.

ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರರಿಂದ ಮೂರೂವರೆ ನಿಮಿಷ. ಇಂದಿನ ಅತಿ ವಿಲಂಬಿತ (ಬಹಳ ನಿಧಾನದ) ಏಕತಾಲದಲ್ಲಿ ತಾಳದ ಒಂದು ಎಣಿಕೆಗೆ, ಅಂದರೆ ಮಾತ್ರೆಗೆ, ಸುಮಾರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೆ (ತಾಳದ ಪೂರ್ತಿ ಸುತ್ತಿಗೆ) 48 ಸೆಕೆಂಡು. ಆ ಲಯದಲ್ಲಿ ಹಾಡಿದ್ದರೆ ನಾಲ್ಕನೆಯ ಆವರ್ತನ ಮುಗಿಯುವ ಹೊತ್ತಿಗೆ ಪ್ಲೇಟೇ ಮುಗಿಯುತ್ತಿತ್ತು. ಅದಕ್ಕೇ ಗಾಯಕರು ಮಧ್ಯಲಯದ ಚೀಜು (ಖ್ಯಾಲದ ರಚನೆ), ಠುಮರಿ, ನಾಟ್ಯಪದಗಳನ್ನು ಆರಿಸಿಕೊಂಡರು. ಆಲಾಪ, ಬೋಲ್, ತಾನು (ವೇಗದ ಸ್ವರಸರಣಿ) ಎಲ್ಲದರದೂ ಒಂದೊಂದು ತುಣುಕನ್ನು ಆ ಮೂರು ನಿಮಿಷದಲ್ಲಿ ಕೂಡಿಸಿಟ್ಟರು. ನಿಮಗೆ ಗಡಿಬಿಡಿ ಅನಿಸುವುದು ಇದೇ. ಬೈಠಕ್ಕಿನಲ್ಲಿ ಅವರು ಹಾಡುತ್ತಿದ್ದ ರೀತಿಯನ್ನು ಪ್ಲೇಟಿನಿಂದ ಅಳೆಯಲಾಗದು.

ಇನ್ನು ದನಿಯ ಮಾತು. 1925ರ ಸುಮಾರಿನವರೆಗೆ ಮೈಕ್ ಇರಲಿಲ್ಲ. ಗಾಯಕರು ತಗಡಿನ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಿತ್ತು. ತಂಬೂರಿಯ ನಾದ, ತಬಲಾದ ಎಡಗಡೆಯ ಗುಮುಕು ಅದಕ್ಕೆ ಹಿಡಿಸುತ್ತಲೇ ಇರಲಿಲ್ಲ. ಖಾನಸಾಹೇಬರ ಹೆಸರುವಾಸಿ ಪ್ಲೇಟುಗಳು 1930ರ ದಶಕದವು, ಅಂದರೆ ಮೈಕ್ ಬಂದ ಮೇಲಿನವು. ಅವುಗಳಲ್ಲಿ ಕೇಳುವ ಎತ್ತರದ, ಎಳೆಯಂಥ ದನಿ ಅವರದೇ. ಅದನ್ನು ದೋಷವೆಂದು ಎಣಿಸಬೇಡಿ.

ಆದರೆ ವೇಗದ ದೋಷ ಇರಬಹುದು, ಅದನ್ನು ಪರೀಕ್ಷಿಸಿಕೊಳ್ಳಿ. ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ 78 ಸುತ್ತಿಗೇ ಮುದ್ರಣವಾದವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಷಡ್ಜ (ಸಾ) ಹೆಚ್ಚುಕಡಿಮೆ ಹಾರ್ಮೋನಿಯಂನ ಒಂದು ಪಟ್ಟಿ ಮೇಲೇರುತ್ತದೆ. ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಪಟ್ಟಿ) ಹಾಡಿದ್ದು ಬಿಳಿ ಎರಡರ (ಅದರ ಮುಂದಿನ ಬಿಳಿ ಪಟ್ಟಿ) ಹತ್ತಿರ ಕೇಳಿಸುತ್ತದೆ, ತಾನುಗಳು ಚಿಟಪಟ ಅನ್ನುತ್ತವೆ, ಕಂಠ ತೆಳ್ಳಗಾಗುತ್ತದೆ. ಯೂಟ್ಯೂಬಿನ ವೇಗದ ಗುಂಡಿ ಇದನ್ನು ಸರಿಪಡಿಸದು, ಏಕೆಂದರೆ ಅದು ಲಯವನ್ನಷ್ಟೇ ತಗ್ಗಿಸಿ ಶ್ರುತಿಯನ್ನು ಇದ್ದಲ್ಲೇ ಇಡುತ್ತದೆ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆ ಇದೆ. ಅದರಲ್ಲಿ ಶೇಕಡಾ 5ರಷ್ಟು ಇಳಿಸಿ ನೋಡಿ. ಕಂಠ ತುಂಬಿಕೊಂಡು ಉಚ್ಚಾರ ಸಹಜವಾದರೆ ನಿಮ್ಮ ಸಂಶಯ ನಿಜವಾಗಿತ್ತು. ಇನ್ನೊಂದು ಎಚ್ಚರ: ಒಂದೇ ಪ್ಲೇಟಿನ ಹಲವು ಪ್ರತಿ ಸಿಕ್ಕರೆ ಚರಚರ ಸದ್ದು ಉಳಿದಿರುವುದನ್ನೇ ಆರಿಸಿ. ಸದ್ದು ಪೂರ್ತಿ ತೆಗೆದವುಗಳಲ್ಲಿ ಅದರ ಜೊತೆಗೆ ತಂಬೂರಿಯೂ ಕಂಠದ ಮೇಲಿನ ಹೊಳಪೂ ಹೋಗಿರುತ್ತವೆ.

ಈಗ ತಂದೆಯವರ ಜೊತೆ ಕೂತು ಒಂದು ಕೆಲಸ ಮಾಡಿ. ಜೋಗಿಯಾ ರಾಗದ ‘ಪಿಯಾ ಮಿಲನ ಕೀ ಆಸ’ ಠುಮರಿಯನ್ನು ಖಾನಸಾಹೇಬರೂ ಹಾಡಿದ್ದಾರೆ, ಭೀಮಸೇನರೂ ಹಾಡಿದ್ದಾರೆ. ಮೊದಲು ಖಾನಸಾಹೇಬರದನ್ನು ಎರಡು ಸಲ, ಆಮೇಲೆ ಭೀಮಸೇನರದನ್ನು ಕೇಳಿ. ಕೋಮಲ ರಿಷಭಕ್ಕೆ (ತಗ್ಗಿದ ರಿ ಸ್ವರಕ್ಕೆ) ಯಾವ ದಾರಿಯಿಂದ ಇಳಿಯುತ್ತಾರೆ, ಇಳಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ, ಉಸಿರು ಯಾವ ಮಾತಿನ ಆಚೆ ತೆಗೆದುಕೊಳ್ಳುತ್ತಾರೆ ಎಂಬ ಮೂರಕ್ಕಷ್ಟೇ ಕಿವಿ ಕೊಡಿ. ಅತಿ ಸಣ್ಣ ಜಾಗದಲ್ಲಿ ಸ್ವರವನ್ನು ಹದವಾಗಿ ಇಡುವುದರಲ್ಲಿ ಖಾನಸಾಹೇಬರನ್ನು ಮೀರಿಸಿದವರಿಲ್ಲ. ಅಲ್ಲಿ ತಂದೆಯವರ ಮಾತೇ ಖರೆ. ರಾಗವೊಂದು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುವುದನ್ನು ಕಾಣಲು ಸಮಯ ಬೇಕೇ ಬೇಕು. ಅದು ಆ ಪ್ಲೇಟುಗಳಲ್ಲಿ ಸಿಗದು. ಅಲ್ಲಿ ನಿಮ್ಮ ಮಾತು ಖರೆ.

ಒಂದು ಮಾತು ಸೇರಿಸಬೇಕು. ನಿಮಗೆ ‘ಸರಿಯಾದ ಉದ್ದ’ ಅನಿಸುವುದೂ ಒಂದು ಕಾಲದ ಕೊಡುಗೆಯೇ. ಎಲ್‌ಪಿಯ ಒಂದು ಮಗ್ಗುಲಿಗೆ ಇಪ್ಪತ್ತು ಚಿಲ್ಲರೆ ನಿಮಿಷ, 60 ನಿಮಿಷದ ಕ್ಯಾಸೆಟ್ಟಿನ ಮಗ್ಗುಲಿಗೆ ಅರ್ಧ ತಾಸು. ನಿಧಾನದ ಬಡಾ ಖ್ಯಾಲಕ್ಕೆ ಇಷ್ಟು, ಚುರುಕಿನ ಛೋಟಾ ಖ್ಯಾಲಕ್ಕೆ ಇಷ್ಟು ಎಂಬ ಲೆಕ್ಕ ಬಹಳ ಕೇಳುಗರ ತಲೆಯಲ್ಲಿ ಕೂತದ್ದು ಅಲ್ಲಿಂದ.

ಕುಮಾರ ಗಂಧರ್ವರ ಹಾಡಿಕೆ ತುಂಡು ತುಂಡು ಅನಸ್ತದ. ಆದ್ರ ಅವರ ಬಾಲ್ಯದ ಪ್ಲೇಟಿನಾಗ ಹಂಗಿಲ್ಲ. ಯಾಕ?
— ಕಾಲೇಜು ವಿದ್ಯಾರ್ಥಿ, ಸಾಂಗ್ಲಿ

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರರು ಹುಡುಗನಾಗಿದ್ದಾಗ ದೊಡ್ಡ ಗಾಯಕರ ಪ್ಲೇಟುಗಳನ್ನು ಕೇಳಿ ಹಾಗೆಯೇ ಹಾಡಿ ಹೆಸರಾದವರು. 1947ರ ಹೊತ್ತಿಗೆ ಕ್ಷಯ ಬಂತು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡುವುದೇ ನಿಂತಿತು. ಗುಣವಾಗಿ ಮರಳಿ ಬಂದಾಗ ಶ್ವಾಸದ ಬಲ ಮೊದಲಿನಂತಿರಲಿಲ್ಲ. ಉದ್ದ ತಾನಿನ ಬದಲು ಚುರುಕಾದ ಗಿಡ್ಡ ಸ್ವರಗುಚ್ಛ, ಒಮ್ಮೆಲೆ ಮೌನ, ಮತ್ತೆ ಒಂದು ಚಿಮ್ಮು — ಈ ನಡಿಗೆ ಆಗಿನಿಂದ. ಅದರ ಜೊತೆಗೆ ಮಾಳವದ ಜನಪದ ಧಾಟಿಗಳಿಂದ ಹೊಸ ರಾಗಗಳೂ ಬಂದವು. ಅವರ ಮೌನವನ್ನೂ ಹಾಡಿನ ಭಾಗವೆಂದು ಎಣಿಸಿ ಕೇಳಿ. ತಂಬೂರಿ ಜೋರಾಗಿ ಕೇಳುವ ಮುದ್ರಣ ಆರಿಸಿಕೊಂಡರೆ ತುಂಡುಗಳ ನಡುವಿನ ಜಾಗ ಖಾಲಿ ಅನಿಸುವುದಿಲ್ಲ.

ವಿಲಂಬಿತ ಶುರು ಆತಂದ್ರ ನನಗ ನಿದ್ದಿ ಬರ್ತದ. ಸಮ್ ಎಲ್ಲಿ ಬಂತು ಅಂತ ಎಲ್ಲಾರೂ ತಲಿ ಹಾಕ್ತಾರ, ನನಗ ಗೊತ್ತಾಗೂದಿಲ್ಲ. ಉಪಾಯ ಹೇಳ್ರಿ.
— ಗೃಹಿಣಿ, ಸೊಲ್ಲಾಪುರ

ನಿದ್ದೆ ಬರುವುದು ತಾಳ ಕೈತಪ್ಪಿದ್ದರಿಂದ. ಸಮ್ ಅಂದರೆ ತಾಳದ ಸುತ್ತಿನ ಮೊದಲ ಮಾತ್ರೆ. ಒಂದರಿಂದ ಹನ್ನೆರಡರವರೆಗೆ ಬೆರಳು ಮಡಿಸುತ್ತ ಕೂಡಬೇಡಿ. ಅಷ್ಟು ನಿಧಾನದಲ್ಲಿ ಎಣಿಕೆ ತಪ್ಪುತ್ತದೆ. ಎಣಿಸುವುದರ ಬದಲು ತಬಲಾದ ಎರಡು ಗುರುತುಗಳನ್ನು ಹಿಡಿಯಿರಿ.

ಏಕತಾಲದ ಠೇಕಾ (ತಬಲಾದ ನಿಗದಿತ ಪೆಟ್ಟುಗಳ ಕ್ರಮ) ಹೀಗಿದೆ: ಧಿನ್, ಧಿನ್, ಧಾಗೆ, ತಿರಕಿಟ, ತೂ, ನಾ, ಕತ್, ತಾ, ಧಾಗೆ, ತಿರಕಿಟ, ಧಿನ್, ನಾ. ಇದರಲ್ಲಿ ‘ತಿರಕಿಟ’ ಎರಡು ಸಲ, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಗೆ ಬರುತ್ತದೆ. ಬೇರೆ ಮಾತ್ರೆಗಳಿಗೆ ಒಂದೋ ಎರಡೋ ಪೆಟ್ಟು, ಇಲ್ಲಿ ಒಂದೇ ಮಾತ್ರೆಯೊಳಗೆ ನಾಲ್ಕು. ಹಾಗಾಗಿ ಎಂಥ ಹೊಸಬರಿಗೂ ಕಿವಿಗೆ ಬೀಳುತ್ತದೆ. ಮೊದಲ ತಿರಕಿಟದ ನಂತರ ಬರುವ ‘ತೂ ನಾ’ದಲ್ಲಿ ಎಡಗೈಯ ಡಗ್ಗಾ ಇರುವುದಿಲ್ಲ, ದನಿ ಟೊಳ್ಳು. ಎರಡನೆಯ ತಿರಕಿಟದ ನಂತರದ ‘ಧಿನ್’ನಲ್ಲಿ ಡಗ್ಗಾದ ಗುಮುಕು ಇದೆ. ತಿರಕಿಟ ಆದಮೇಲೆ ಗುಮುಕು ಕೇಳಿತೋ, ಅಲ್ಲಿಂದ ಎರಡು ಮಾತ್ರೆ ಬಿಟ್ಟು ಸಮ್. ಮಾತ್ರೆಗೆ ನಾಲ್ಕು ಸೆಕೆಂಡಿನ ಲಯವಾದರೆ ತಿರಕಿಟ ಶುರುವಾದಲ್ಲಿಂದ ಹನ್ನೆರಡು ಸೆಕೆಂಡು.

ಆ ಹನ್ನೆರಡು ಸೆಕೆಂಡಿನಲ್ಲೇ ಗಾಯಕರು ಏನು ಮಾಡುತ್ತಾರೆ ನೋಡಿ. ಹಾಡುತ್ತಿದ್ದ ಆಲಾಪವನ್ನು ಮಡಚಿ ಚೀಜಿನ ಮೊದಲ ಮಾತು, ಅಂದರೆ ಮುಖಡಾ ಎತ್ತಿಕೊಂಡು ಸಮ್ಮಿನ ಮೇಲೆ ಇಳಿಸುತ್ತಾರೆ. ಮುಖಡಾದ ಯಾವ ಅಕ್ಷರ ಸಮ್ಮಿಗೆ ಬೀಳುತ್ತದೆ ಎಂಬುದನ್ನು ಮೊದಲ ಎರಡು ಆವರ್ತನದಲ್ಲಿ ಗೊತ್ತುಮಾಡಿಕೊಂಡರೆ ಮುಂದೆ ತಬಲಾ ಕೇಳದಿದ್ದರೂ ನಡೆಯುತ್ತದೆ. ಶುರುವಿಗೆ ಅತಿ ವಿಲಂಬಿತ ಬೇಡ. ಮಾತ್ರೆಗೆ ಎರಡು ಸೆಕೆಂಡಿನ ಆಸುಪಾಸಿನ ಖ್ಯಾಲ ಆರಿಸಿ. ತಬಲಾದವರು ಮಾತ್ರೆಗಳ ನಡುವೆ ಬಹಳ ತುಂಬುತ್ತಿದ್ದರೆ ಗುರುತು ಮುಚ್ಚಿಹೋಗುತ್ತದೆ, ಅಂಥ ಮುದ್ರಣವನ್ನು ಸದ್ಯ ಬದಿಗಿಡಿ.

ನಮ್ಮೂರಾಗ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರದು ಗ್ವಾಲಿಯರ್ ಪರಂಪರೆ. ನನಗ ಮಾತ್ರ ಮಲ್ಲಿಕಾರ್ಜುನ ಮನಸೂರರು ಪ್ರಾಣ. ಹೆಸರು ನೋಡದ, ಬರೇ ಕೇಳಿ ಘರಾಣೆ ಗುರುತು ಹಿಡಿಯೂದು ಹ್ಯಾಂಗ?
— ನಿವೃತ್ತ ಶಿಕ್ಷಕರು, ಕುರುಂದವಾಡ

ಗುರುಗಳೇ, ನಿಮ್ಮ ಎರಡು ಅಭಿಮಾನಗಳೂ ಒಂದೇ ಬಳ್ಳಿಗೆ ಸೇರಿವೆ. ಇಚಲಕರಂಜಿಯ ಬಾಲಕೃಷ್ಣಬುವಾ (1849–1926) ಗ್ವಾಲಿಯರ್ ಗಾಯಕಿಯನ್ನು ಈ ಸೀಮೆಗೆ ತಂದವರು. ಪಲುಸ್ಕರರು ಮೀರಜಿನಲ್ಲಿ ಕಲಿತದ್ದು ಅವರ ಬಳಿ. ಮನಸೂರರ ಮೊದಲ ಗುರು ನೀಲಕಂಠಬುವಾ ಕೂಡ ಮೀರಜಿನ ಅದೇ ಪರಂಪರೆಯವರು. ಆಮೇಲಷ್ಟೇ ಮನಸೂರರಿಗೆ ಅಲ್ಲಾದಿಯಾಖಾನರ ಮಕ್ಕಳಾದ ಮಂಜಿಖಾನ, ಭುರ್ಜಿಖಾನರಿಂದ ಜೈಪುರ-ಅತ್ರೌಲಿ ತಾಲೀಮು ಸಿಕ್ಕಿತು. ಅದಕ್ಕೂ ಮೊದಲೇ ಅವರು ಪ್ಲೇಟು ಕೊಟ್ಟಿದ್ದರು. ಆ ಪ್ಲೇಟುಗಳನ್ನು ನಂತರದ ಆಕಾಶವಾಣಿ ಮುದ್ರಣಗಳ ಜೊತೆ ಇಟ್ಟು ಕೇಳಿದರೆ ಒಂದೇ ಕಂಠದಲ್ಲಿ ಎರಡು ಘರಾಣೆ ಸಿಗುತ್ತವೆ.

ಗುರುತಿಗೆ ಮೊದಲ ಐದು ನಿಮಿಷ ಸಾಕು. ಚೀಜಿನ ಮೊದಲ ಭಾಗವಾದ ಸ್ಥಾಯಿಯ ಬೆನ್ನಿಗೇ ಎರಡನೆಯ ಭಾಗವಾದ ಅಂತರಾವನ್ನೂ ಪೂರ್ತಿ ಹಾಡಿ, ಆಮೇಲೆ ಬೆಳೆಸಲು ಹೊರಟರೆ, ಮುಂದೆ ನೇರ ಏರಿ ನೇರ ಇಳಿಯುವ ಸಪಾಟ್ ತಾನು ಬಂದರೆ ಗ್ವಾಲಿಯರ್ ಇರಬೇಕು. ಒಂದೊಂದೇ ಸ್ವರಕ್ಕೆ ಒರಗಿ ನಿಂತು, ತಾಳದ ಗೊಡವೆ ಕಡಿಮೆ ಮಾಡಿ, ಅಂತರಾ ಬಹಳ ತಡವಾಗಿ ಬಂದರೆ ಕಿರಾಣಾ. ವಿಲಂಬಿತವೆಂದರೂ ಠೇಕಾ ನಡೆಯುತ್ತಲೇ ಇದ್ದು, ‘ಆ’ಕಾರದ ಆಲಾಪ ಮಾತ್ರೆಗೆ ಹೊಸೆದುಕೊಂಡು ನಿಲ್ಲದೆ ಸುತ್ತಿ ಸುತ್ತಿ ಸಮ್ಮಿಗೆ ಬಂದು ಬಿದ್ದರೆ ಜೈಪುರ. ರಾಗ ಬಸಂತಿ ಕೇದಾರದಂಥ ಜೋಡುರಾಗವೋ ಬಿಹಾಗಡಾದಂಥ ಅಪರೂಪದ್ದೋ ಆಗಿದ್ದರೆ ಸಂಶಯ ಇನ್ನೂ ಗಟ್ಟಿಯಾಗಲಿ.

ಈ ಗುರುತು 1950ರ ಹಿಂದಿನವರಿಗೆ ಚೆನ್ನಾಗಿ ಹೊಂದುತ್ತದೆ. ರೇಡಿಯೊ, ಪ್ಲೇಟು ಊರೂರು ತಲುಪಿದ ಮೇಲೆ ಗಾಯಕರು ಕೇಳಿ ಕಲಿಯುವುದು ಹೆಚ್ಚಾಗಿ ಗೆರೆಗಳು ಅಳಿಸಿಹೋದವು. ಭೀಮಸೇನರ ತಾನುಗಳಲ್ಲೇ ಕಿರಾಣಾದ ಹೊರಗಿನದು ಬಹಳ ಇದೆ.

ಮಗಳು ಹಿಂದುಸ್ತಾನಿ ಕಲೀತಾಳ. ಮೊಬೈಲಿನ ತಂಬೂರಿ ಸಾಕೋ, ಮೀರಜಿಂದ ಖರೇ ತಂಬೂರಿನೇ ತರಬೇಕೋ? ಪರಿಚಯದವರ ಹಳೆ ಗಂಡಸರ ತಂಬೂರಿ ಒಂದು ಸಿಕ್ಕದ, ಆದ್ರ ತಂತಿ ಬಿಗಿದಾಗೊಮ್ಮೆ ಹರೀತಾವ.
— ಓದುಗರು, ಮಂಗಳವೇಢೆ

ಹರಿಯುತ್ತಿರುವ ಕಾರಣ ನಿಮ್ಮ ಪತ್ರದಲ್ಲೇ ಇದೆ. ಗಂಡಸರ ತಂಬೂರಿಯ ದಂಡಿ ಉದ್ದ. ಅದರ ತಂತಿಗಳ ಅಳತೆ ಬಿಳಿ ಒಂದರಿಂದ ಕರಿ ಎರಡರ ಷಡ್ಜಕ್ಕೆ ಹೊಂದುವಂಥದು. ಹೆಣ್ಣುಮಕ್ಕಳ ಷಡ್ಜ ಸಾಮಾನ್ಯವಾಗಿ ಬಿಳಿ ಐದರಿಂದ ಕರಿ ಐದರ ನಡುವೆ. ಅಷ್ಟು ಎತ್ತರಕ್ಕೆ ಆ ಉದ್ದದ ತಂತಿಯನ್ನು ಏರಿಸಿದರೆ ಹರಿಯದೆ ಇನ್ನೇನಾದೀತು? ಹರಿಯದಿದ್ದರೂ ಆ ಎಳೆತಕ್ಕೆ ಬುರುಡೆ ಮತ್ತು ದಂಡಿಯ ಬೆಸುಗೆ ಸಡಿಲುತ್ತದೆ. ತಿರುಗಾಮುರುಗಾ ಮಾಡಿದರೂ ಕಷ್ಟವೇ. ಹೆಂಗಸರ ತಂಬೂರಿಯನ್ನು ಕರಿ ಒಂದಕ್ಕೆ ಇಳಿಸಿದರೆ ತಂತಿ ಜೋತು ನಾದವೇ ಏಳುವುದಿಲ್ಲ. ಮಗಳಿಗೆ ಹೆಂಗಸರ ಅಳತೆಯದನ್ನೇ ನೋಡಿ.

ನಿಮಗೆ ಗೊತ್ತೇ ಇರಬಹುದು, ಮೀರಜಿನ ತಂಬೂರಿಗೆ ಬೇಕಾದ ಸೋರೆಬುರುಡೆ ಬರುವುದು ನಿಮ್ಮ ಮಂಗಳವೇಢೆ, ಪಂಢರಪುರದ ಭೀಮಾ ದಂಡೆಯಿಂದಲೇ. ಮೀರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕೊಳ್ಳುವಾಗ ದಂಡಿಯ ತುದಿಯಿಂದ ಕಣ್ಣಿಟ್ಟು ನೋಡಿ, ಬಾಗಿರಬಾರದು. ಬುರುಡೆಯ ಸುತ್ತ ಬೆರಳಾಡಿಸಿ ಕೂದಲಿನಂಥ ಬಿರುಕು ಇದೆಯೇ ನೋಡಿ. ಬಿರಡೆ (ತಂತಿ ಬಿಗಿಯುವ ಗೂಟ) ತಿರುಗಿಸಿ ಕೈಬಿಟ್ಟರೆ ಅಲ್ಲೇ ನಿಲ್ಲಬೇಕು. ಒಂದೊಂದೇ ತಂತಿ ಮೀಟಿ, ನಾದ ಸೆಕೆಂಡುಗಟ್ಟಲೆ ಅರಳುತ್ತ ಹೋಗುತ್ತದೆಯೇ, ಟಕ್ ಎಂದು ಸಾಯುತ್ತದೆಯೇ ಕೇಳಿ.

ಶ್ರುತಿ ಮಾಡುವ ಕ್ರಮ ಹೀಗಿರಲಿ. ತಂತಿಗಳು ಹಾದುಹೋಗುವ ಕುದುರೆಯ ಮೇಲಿನ ಜೀವಾಳದ ದಾರಗಳನ್ನು ಮೊದಲು ಬದಿಗೆ ಸರಿಸಿ. ನಡುವಿನ ಜೋಡಿ ತಂತಿಗಳನ್ನು ಮಧ್ಯ ಷಡ್ಜಕ್ಕೆ ಕೂಡಿಸಿ. ಆಮೇಲೆ ಕೊನೆಯ ಹಿತ್ತಾಳೆ ತಂತಿಯನ್ನು ಖರ್ಜದ (ಕೆಳಗಿನ) ಷಡ್ಜಕ್ಕೆ, ಕಡೆಗೆ ಮೊದಲ ತಂತಿಯನ್ನು ಪಂಚಮಕ್ಕೆ. ಮಾಲಕೌಂಸದಂಥ ಪಂಚಮವಿಲ್ಲದ ರಾಗಕ್ಕೆ ಅದೇ ತಂತಿ ಮಧ್ಯಮಕ್ಕೆ, ಪೂರಿಯಾಕ್ಕೆ ನಿಷಾದಕ್ಕೆ. ಬಿರಡೆಯಿಂದ ಹತ್ತಿರ ತಂದು, ಉಳಿದ ಕೂದಲೆಳೆಯಷ್ಟನ್ನು ಕೆಳಗಿನ ಮಣಿ ಸರಿಸಿ ಕೂಡಿಸಬೇಕು. ಕೊನೆಗೆ ಜೀವಾಳದ ದಾರವನ್ನು ತಂತಿಯಡಿ ತಂದು ಅಕ್ಕಿಕಾಳಿಗಿಂತ ಕಡಿಮೆ ದೂರ ಹಿಂದೆ ಮುಂದೆ ಸರಿಸುತ್ತ ಮೀಟಿ. ಒಂದು ಜಾಗದಲ್ಲಿ ನಾದ ಒಮ್ಮೆಲೆ ತೆರೆದುಕೊಳ್ಳುತ್ತದೆ. ಅಲ್ಲೇ ನಿಲ್ಲಿಸಿ, ಶ್ರುತಿ ಚೂರು ಸರಿದಿದ್ದರೆ ಮಣಿಯಿಂದ ತಿದ್ದಿ.

ದಾರ ಎಲ್ಲಿಟ್ಟರೂ ನಾದ ತೆರೆಯದಿದ್ದರೆ ಕುದುರೆಯ ಮೇಲೆ ತಂತಿ ಉಜ್ಜಿ ಗೀರು ಬಿದ್ದಿದೆ ಎಂದು ತಿಳಿಯಿರಿ. ಜವಾರಿ ತೆಗೆಸಬೇಕು, ಅಂದರೆ ಕುದುರೆಯ ಮೇಲ್ಮೈ ಹದಮಾಡಿಸಬೇಕು. ಅದು ಕುಶಲಕರ್ಮಿಯ ಕೆಲಸ, ಮನೆಯಲ್ಲಿ ಅರ ಹಿಡಿದು ಕೂತರೆ ಕುದುರೆ ಕೆಡುತ್ತದೆ. ನಮ್ಮ ಕಡೆಯ ಬೇಸಿಗೆಗೆ ಕಟ್ಟಿಗೆ ಒಣಗಿ ಬಿರಡೆ ಜಾರುತ್ತದೆ, ಆಗ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಬಳಿದರೆ ಹಿಡಿಯುತ್ತದೆ. ಮೀಟುವಾಗ ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಹಾಡಿನ ಲಯಕ್ಕೆ ಕೈ ಓಡಬಾರದು.

ಮೊಬೈಲಿನ ತಂಬೂರಿ ರಿಯಾಜಿಗೆ ಅಡ್ಡಿಯಿಲ್ಲ, ಆದರೆ ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ ಬೇಡ. ಕರಿ ಒಂದರ ಖರ್ಜ ಸುಮಾರು 69 ಹರ್ಟ್ಜ್. ಹೆಣ್ಣುಮಕ್ಕಳ ಪಟ್ಟಿಯ ಖರ್ಜ ಕೂಡ ನೂರರ ಆಸುಪಾಸಿನದು. ಅಷ್ಟು ಕೆಳಗಿನ ನಾದ ಆ ಸಣ್ಣ ಸ್ಪೀಕರಿನಿಂದ ಹೊರಡುವುದೇ ಇಲ್ಲ.  ದೊಡ್ಡದೊಂದು ಸ್ಪೀಕರು ಜೋಡಿಸಿ.

ಸೊಸಿ ಮೈಸೂರಿನಾಕಿ, ತ್ಯಾಗರಾಜರ ಕೃತಿ ಹಾಡ್ತಾಳ. ಹಿಂದೋಳ ಅಂತಾಳ, ನಮಗ ಮಾಲಕೌಂಸ ಕೇಳಸ್ತದ. ಆದ್ರ ಆಕಿ ಭೈರವಿ ಅಂದದ್ದು ನಮ್ಮ ಭೈರವಿ ಅಲ್ಲ. ಎರಡೂ ಕೂಡಿಸಿ ಕೇಳೂದು ಹ್ಯಾಂಗ?
— ಓದುಗರು, ಅಕ್ಕಲಕೋಟೆ

ನಿಮ್ಮ ಕಿವಿ ಸರಿ ಇದೆ. ಹಿಂದೋಳ, ಮಾಲಕೌಂಸ ಎರಡರದೂ ಸ್ವರಗಳು ಒಂದೇ. ಮೋಹನಕ್ಕೆ ಭೂಪ, ಶುದ್ಧ ಸಾವೇರಿಗೆ ದುರ್ಗಾ, ಮಧ್ಯಮಾವತಿಗೆ ಮಧಮಾದ ಸಾರಂಗ ಹತ್ತಿರ. ತೊಡಕಿರುವುದು ಹೆಸರು ಒಂದೇ ಇದ್ದಲ್ಲಿ. ಅವರ ತೋಡಿಯ ಸ್ವರ ನಮ್ಮ ಭೈರವಿಯವು, ನಮ್ಮ ತೋಡಿಯ ಸ್ವರ ಅವರ ಶುಭಪಂತುವರಾಳಿಯವು. ಅವರ ಭೈರವಿಯಲ್ಲಿ ಎರಡು ಧೈವತ, ಅದಕ್ಕೆ ಇಲ್ಲಿ ಸರಿಜೋಡಿ ಇಲ್ಲ. ನಮ್ಮ ಹಿಂಡೋಲ ರಾಗವಂತೂ ಹಿಂದೋಳಕ್ಕೆ ದೂರದ ನೆಂಟನೂ ಅಲ್ಲ.

ಸ್ವರ ಒಂದಾದರೂ ನಡೆ ಬೇರೆ. ಮಾಲಕೌಂಸದಲ್ಲಿ ಗಾಂಧಾರಕ್ಕೆ ಮೀಂಡಿನಿಂದ (ಜಾರುತ್ತ) ಇಳಿದು ನಿಲ್ಲುತ್ತಾರೆ. ಹಿಂದೋಳದಲ್ಲಿ ಅದೇ ಗಾಂಧಾರ ಗಮಕದಿಂದ ತೂಗುತ್ತದೆ. ಇನ್ನೊಂದು ವ್ಯತ್ಯಾಸ ಕಾಲವನ್ನು ಎಣಿಸುವ ರೀತಿಯದು. ದಕ್ಷಿಣದಲ್ಲಿ ಕಾಲವನ್ನು ವಾಗ್ಗೇಯಕಾರರಿಂದ ಗುರುತಿಸುತ್ತಾರೆ: ಪುರಂದರದಾಸರು (1484–1564), ಆಮೇಲೆ ಶ್ಯಾಮಾಶಾಸ್ತ್ರಿ, ತ್ಯಾಗರಾಜ (1767–1847), ದೀಕ್ಷಿತರ ತ್ರಿಮೂರ್ತಿ ಯುಗ, ನಂತರ ಮೈಸೂರು ವಾಸುದೇವಾಚಾರ್ಯರಂಥವರು. ನಾವು ಗಾಯಕರಿಂದ, ಘರಾಣೆಯಿಂದ ಗುರುತಿಸುತ್ತೇವೆ. ಅದಕ್ಕೆ ಕಾರಣವೂ ಇದೆ. ನಮ್ಮ ಬಂದಿಶ್ (ಚೀಜು) ಎರಡು-ನಾಲ್ಕು ಸಾಲಿನದು, ಮಿಕ್ಕದ್ದು ಹಾಡುವವರ ಕೈಯಲ್ಲಿ. ಅವರ ಕೃತಿ ಪಲ್ಲವಿ, ಅನುಪಲ್ಲವಿ, ಚರಣ, ಸಂಗತಿಗಳ (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆಗಳ) ಸಮೇತ ಕಟ್ಟಿಟ್ಟದ್ದು. ಆದ್ದರಿಂದ ಸೊಸೆ ಹಾಡುವಾಗ ಬಢತ್ (ರಾಗದ ಹಂತಹಂತದ ಬೆಳವಣಿಗೆ) ಯಾವಾಗ ಶುರುವಾಗುತ್ತದೆ ಎಂದು ಕಾಯಬೇಡಿ. ಪಲ್ಲವಿಯ ಒಂದೇ ಸಾಲು ಸಂಗತಿಯಿಂದ ಸಂಗತಿಗೆ ಹೇಗೆ ಬೆಳೆಯುತ್ತದೆ ಎಂದು ಹಿಂಬಾಲಿಸಿ.

ಕೂಡಿ ಕೇಳಲು ಒಂದು ಒಳ್ಳೆಯ ಪ್ಲೇಟಿದೆ. ತ್ಯಾಗರಾಜರ ಖರಹರಪ್ರಿಯದ ‘ರಾಮ ನೀ ಸಮಾನಮೆವರು’ ಕೃತಿಯನ್ನು ಅಬ್ದುಲ್ ಕರೀಂಖಾನರೇ ಹಾಡಿ ಮುದ್ರಿಸಿದ್ದಾರೆ. ಮೊದಲು ಸೊಸೆಯಿಂದ ಹಾಡಿಸಿ, ಆಮೇಲೆ ಅದನ್ನು ಹಚ್ಚಿ.

ನಮ್ಮ ಅಜ್ಜಿಗೆ ನಾಟ್ಯಪದ ಅಂದ್ರ ಜೀವ. ‘ಅದು ಶಾಸ್ತ್ರೀಯ ಅಲ್ಲ’ ಅಂತ ಕ್ಲಾಸಿನಾಗ ಹೇಳ್ತಾರ. ಹೌದೇನ್ರಿ?
— ವಿದ್ಯಾರ್ಥಿನಿ, ಮೀರಜ

ಅಜ್ಜಿಯವರನ್ನು ಯಾರೂ ಕೆಳಗಿಡಬಾರದು. ಮರಾಠಿ ರಂಗಭೂಮಿ ಹುಟ್ಟಿದ್ದೇ ನಿಮ್ಮ ಮಗ್ಗುಲಿನ ಸಾಂಗ್ಲಿಯಲ್ಲಿ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಅಲ್ಲಿ ಆಟ ಆಡಿದ್ದನ್ನು ಕಂಡು, ಅರಸರ ಆಶ್ರಯದಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. 1882ರ ‘ಸೌಭದ್ರ’ದ ಅಣ್ಣಾಸಾಹೇಬ ಕಿರ್ಲೋಸ್ಕರರು ಗುರ್ಲಹೊಸೂರಿನವರು, ಕನ್ನಡದ ಧಾಟಿಗಳನ್ನು ಬಲ್ಲವರು. ಗಾಯಕ-ನಟ ಬಾಲಗಂಧರ್ವರ ಪದಗಳಿಗೆ ರಾಗ ಹೊಂದಿಸಿದ ಭಾಸ್ಕರಬುವಾ ಬಖಲೆ ದೊಡ್ಡ ಖ್ಯಾಲ ಗಾಯಕರು. ಸವಾಯಿ ಗಂಧರ್ವರ ಬಿರುದೇ ರಂಗದ ಮೇಲಿನ ಹಾಡಿಕೆಯಿಂದ ಬಂದದ್ದು. ಮನಸೂರರೂ ಹುಡುಗರಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರು.

ನಾಟ್ಯಪದದಲ್ಲಿ ರಾಗದ ಮುಖ ಸ್ಪಷ್ಟವಾಗಿರುತ್ತದೆ, ಮಾತು ಮುಂದಿರುತ್ತದೆ, ತಾನು ಗಿಡ್ಡ. ನಿಧಾನದ ಬಢತ್ ಇರುವುದಿಲ್ಲ. ಅಷ್ಟೇ ವ್ಯತ್ಯಾಸ. ಕೆಲವು ಪದಗಳಲ್ಲಿ ರಂಗಕ್ಕಾಗಿ ಬೇರೆ ರಾಗದ ಸ್ವರ ಬೆರೆಸಿರುತ್ತಾರೆ, ಆದ್ದರಿಂದ ರಾಗದ ಲಕ್ಷಣಕ್ಕೆ ಪದವೊಂದನ್ನೇ ಸಾಕ್ಷಿ ಮಾಡಬೇಡಿ. ಹೀಗೆ ಮಾಡಿ: ಅಜ್ಜಿಗೆ ಬಾಯಿಪಾಠ ಬರುವ ಒಂದು ಪದದ ರಾಗ ಯಾವುದೆಂದು ಕ್ಲಾಸಿನಲ್ಲಿ ಕೇಳಿ ತಿಳಿದುಕೊಳ್ಳಿ. ಆ ರಾಗದ ಛೋಟಾ ಖ್ಯಾಲ ಒಂದನ್ನು ಕೇಳಿ, ಪದದ ಯಾವ ಸಾಲು ಅದರಲ್ಲಿ ಎಲ್ಲಿ ಇಣುಕುತ್ತದೆ ಎಂದು ಗುರುತು ಹಾಕಿ. ಅದು ಕೈಗೆ ಬಂದ ಮೇಲೆ ಅದೇ ರಾಗದ ಬಡಾ ಖ್ಯಾಲಕ್ಕೆ ಹೋಗಿ.